ಮರಳುಗಾಡಿನ ಪೋಸ್ಟಿಂಗ್: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ರಜೆಗೆ ಬಂದಾಗಲೆಲ್ಲ ಇವೇ ಪ್ರಶ್ನೆಗಳು. ಬೆಟಗೇರಿಯ ಚಹಾ ಅಂಗಡಿ, ಗದಗ ಬಸ್ ಸ್ಟ್ಯಾಂಡ್, ಮದುವೆ ಮನೆ, ಎಲ್ಲ ಕಡೆ. ರೋಣ, ಮುಂಡರಗಿ, ಹಾವೇರಿ, ಕುಂದಗೋಳ ಕಡೆಯ ಹುಡುಗರು ಟ್ರೇನಿಂಗ್ ಮುಗಿಸಿ ಮೊದಲ ಪೋಸ್ಟಿಂಗ್‌ಗೆ ರಾಜಸ್ಥಾನಕ್ಕೆ ಹೊರಡುವಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗಿಂತ ಜಾಸ್ತಿ ಅವರ ಅವ್ವಂದಿರು ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾನು ಸೇನೆಯಲ್ಲಿ ಡ್ರೈವರ್. ಅಲ್ಲಿ ಹೆಚ್ಚಾಗಿ ಓಡಿಸಿದ್ದು ನೀರಿನ ಗಾಡಿ, ವಾಟರ್ ಬೌಸರ್. ಹಾಗಾಗಿ ನೀರಿನ ಮಾತು ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಯಾವ ಯೂನಿಟ್, ಯಾವ ಜಾಗ, ಎಷ್ಟು ಜನ ಅನ್ನುವುದು ಇಲ್ಲಿ ಇಲ್ಲ. ಕೇಳಲೂ ಬೇಡಿ.

ಮರಳುಗಾಡು ಅಂದರೆ ಎಲ್ಲಿ? ದುಬೈ ಕಡೆನಾ?

ದುಬೈ ಅಲ್ಲ, ನಮ್ಮ ದೇಶದ್ದೇ. ಥಾರ್ ಮರುಭೂಮಿ. ರಾಜಸ್ಥಾನದ ಜೈಸಲ್ಮೇರ್, ಬಾಡಮೇರ್, ಬಿಕಾನೇರ್ ಕಡೆ. ಗಡಿಯ ಆಚೆ ಪಾಕಿಸ್ತಾನದ ಸಿಂಧ್ ಮತ್ತು ಪಂಜಾಬ್. ಹುಬ್ಬಳ್ಳಿಯಿಂದ ಜೋಧಪುರಕ್ಕೆ ನೇರ ರೈಲು ಇದೆ. ಬೆಳಗಾವಿ, ಮೀರಜ್, ಪುಣೆ, ಅಹಮದಾಬಾದ್ ಮೇಲೆ ಹೋಗುತ್ತದೆ. ದಿನಾ ಇರುವುದಿಲ್ಲ, ವಾರ ನೋಡಿಕೊಂಡು ಬುಕ್ ಮಾಡಿ. ಜೋಧಪುರದಿಂದ ಜೈಸಲ್ಮೇರ್‌ಗೆ ಮತ್ತೆ ಹೆಚ್ಚುಕಡಿಮೆ 300 ಕಿಲೋಮೀಟರ್. ಹುಬ್ಬಳ್ಳಿ ಸ್ಟೇಷನ್‌ನ ಆ 1,507 ಮೀಟರ್ ಪ್ಲಾಟ್‌ಫಾರ್ಮ್‌ನಲ್ಲಿ ಕಪ್ಪು ಟ್ರಂಕ್ ಹೊತ್ತು ಕೋಚ್ ಹುಡುಕಿದರೆ ಮೊದಲ ರೂಟ್ ಮಾರ್ಚ್ ಅಲ್ಲೇ ಮುಗಿಯುತ್ತದೆ.

ಇಳಿದ ಕೂಡಲೇ ಏನನ್ನಿಸಿತು?

"ಇದೇನು, ಮರಳೇ ಇಲ್ಲವಲ್ಲ" ಅನ್ನಿಸಿತು. ಕ್ಯಾಲೆಂಡರ್ ಚಿತ್ರದಲ್ಲಿ ಇರುವಂಥ ದಿಬ್ಬ ಎಲ್ಲ ಕಡೆ ಇರುವುದಿಲ್ಲ. ಬಹಳಷ್ಟು ನೆಲ ಗಟ್ಟಿ, ಸಣ್ಣ ಕಲ್ಲು, ಮುಳ್ಳುಕಂಟಿ, ನಮ್ಮೂರ ರಸ್ತೆ ಬದಿ ಇರುವ ಅದೇ ಎಕ್ಕೆ ಗಿಡ. ಗಾಳಿ ಫ್ಯಾನುಗಳಂತೂ ಸಾಲುಸಾಲು. ಗಜೇಂದ್ರಗಡ, ಕಪ್ಪತಗುಡ್ಡದ ಕಡೆ ನೋಡಿ ಬೆಳೆದವನಿಗೆ ಅದೂ ಹೊಸದಲ್ಲ. ಗಡಿ ಕಡೆ ಹೋದ ಹಾಗೆ ನಿಜವಾದ ಮರಳು ದಿಬ್ಬ ಶುರುವಾಗುತ್ತವೆ. ಅಲ್ಲಿಯವರು ಧೋರಾ ಅನ್ನುತ್ತಾರೆ.

ಹೊಸದು ಅಂದರೆ ಗುರುತು ಇಲ್ಲದಿರುವುದು. ಗದಗ ಸೀಮೆಯಲ್ಲಿ ಎಲ್ಲಿ ನಿಂತರೂ ಒಂದು ಗುಡ್ಡವೋ, ಒಂದು ಗುಡಿಯ ಶಿಖರವೋ ಕಾಣುತ್ತದೆ. ಅಲ್ಲಿ ಸುತ್ತಲೂ ಒಂದೇ ಥರ. ಹೊಸಬನಿಗೆ ಕ್ಯಾಂಪಿನಿಂದ ಎರಡು ಕಿಲೋಮೀಟರ್ ದೂರದಲ್ಲೇ ದಿಕ್ಕು ತಪ್ಪುತ್ತದೆ. ಹಳೆಯ ಡ್ರೈವರ್ ದಾರಿ ಹೇಳುವುದು ಹೀಗೆ: "ಒಂದು ಒಣಗಿದ ಜಾಲಿ ಸಿಗತ್ತೆ, ಅಲ್ಲಿ ಎಡಕ್ಕೆ." ಅಲ್ಲಿ ಜಾಲಿ ಎಲ್ಲವೂ ಒಣಗಿದ್ದೇ. ಗಾಡಿಯ ಚಕ್ರದ ಗುರುತು ನಂಬಿಕೊಂಡು ವಾಪಸ್ ಬರುತ್ತೇನೆ ಅಂದರೆ ಆಗುವುದಿಲ್ಲ, ಒಂದು ಗಾಳಿ ಬಂದರೆ ಅಳಿಸಿ ಹೋಗುತ್ತದೆ. ಅದಕ್ಕೇ ಜಿಪಿಎಸ್ ಇದ್ದರೂ ಕಂಪಾಸ್ ಕಲಿಸುತ್ತಾರೆ, ನಕ್ಷತ್ರ ನೋಡುವುದನ್ನೂ ಕಲಿಸುತ್ತಾರೆ.

ಇನ್ನೊಂದು, ಹೊತ್ತು ಮುಳುಗುವುದೇ ಇಲ್ಲ ಅನ್ನಿಸುತ್ತದೆ. ಜೈಸಲ್ಮೇರ್ ನಮಗಿಂತ ಬಹಳ ಪಶ್ಚಿಮಕ್ಕಿದೆ, ಗಡಿಯಾರ ಮಾತ್ರ ಒಂದೇ. ಜೂನ್‌ನಲ್ಲಿ ಗದಗಿನಲ್ಲಿ ಏಳಕ್ಕೆ ಸೂರ್ಯ ಮುಳುಗಿದರೆ ಅಲ್ಲಿ ಏಳೂವರೆ ದಾಟಬೇಕು. ಚಳಿಗಾಲದಲ್ಲಿ ಬೆಳಗ್ಗೆ ಏಳಾದರೂ ಕತ್ತಲೆ.

ಬಿಸಿಲು ಎಷ್ಟಿರುತ್ತದೆ? ನಮ್ಮೂರಿಗಿಂತ ಜಾಸ್ತಿನಾ?

ಜಾಸ್ತಿ. ಗದಗಿನಲ್ಲಿ 40 ಡಿಗ್ರಿ ಮುಟ್ಟಿದರೆ ಪೇಪರಿನಲ್ಲಿ ಬರುತ್ತದೆ. ಅಲ್ಲಿ ಮೇ, ಜೂನ್‌ನಲ್ಲಿ 45 ಮಾಮೂಲಿ. 2016ರ ಮೇ 19ರಂದು ಜೋಧಪುರ ಹತ್ತಿರದ ಫಲೋದಿಯಲ್ಲಿ 51 ಡಿಗ್ರಿ ದಾಖಲಾಗಿತ್ತು. ಅದು ನೆರಳಲ್ಲಿಟ್ಟ ಥರ್ಮಾಮೀಟರ್ ಲೆಕ್ಕ. ಗಾಡಿಯ ಬಾನೆಟ್ ಲೆಕ್ಕ ಬೇರೆ. ಮಧ್ಯಾಹ್ನ ಡೋರ್ ಹ್ಯಾಂಡಲ್ ಬರಿಗೈಲಿ ಹಿಡಿಯಲು ಆಗುವುದಿಲ್ಲ, ಬಟ್ಟೆ ಸುತ್ತಿ ಎಳೆಯಬೇಕು. ಪಾನಾ, ಜ್ಯಾಕ್ ಎಲ್ಲ ಗಾಡಿ ಕೆಳಗೆ ನೆರಳಲ್ಲಿ ಇಟ್ಟುಕೊಳ್ಳುವುದು ರೂಢಿ.

ಆದರೆ ನಿಜ ಹೇಳಬೇಕೆಂದರೆ ಬಿಸಿಲು ಎರಡು ವಾರದಲ್ಲಿ ಮೈಗೆ ಹೊಂದಿಕೊಳ್ಳುತ್ತದೆ. ಹೊಸದಾಗಿ ಬಂದವರಿಗೆ ಮೊದಲ ದಿನದಿಂದಲೇ ಪೂರ್ತಿ ಕೆಲಸ ಕೊಡುವುದಿಲ್ಲ, ನಿಧಾನಕ್ಕೆ ಏರಿಸುತ್ತಾರೆ. ಬೇಸಿಗೆಯಲ್ಲಿ ಪಿಟಿ ಬೆಳಕು ಹರಿಯುವ ಮುಂಚೆ. ಭಾರದ ಕೆಲಸ ಬೆಳಗ್ಗೆ ಮುಗಿಸಿ ನಡು ಮಧ್ಯಾಹ್ನ ನೆರಳು. ಬಿಸಿ ಗಾಳಿಗೆ ಅಲ್ಲಿ ಲೂ ಅನ್ನುತ್ತಾರೆ. ಲೂ ಬೀಸುವಾಗ ಮುಖ ಮುಚ್ಚದೆ ಹೊರಗೆ ಬರುವವನು ಹೊಸಬ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಮೋಸ ಮಾಡುವುದು ಬೆವರು. ಕಾರವಾರದಲ್ಲಿ ಬೆವರು ಸುರಿಯುತ್ತದೆ, ಕಾಣುತ್ತದೆ. ಮರಳುಗಾಡಿನಲ್ಲಿ ಬಂದ ಬೆವರು ಅಲ್ಲೇ ಆರಿ ಹೋಗುತ್ತದೆ. ಸಂಜೆ ಅಂಗಿ ಬಿಚ್ಚಿದರೆ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ. ನನಗೆ ಬೆವರೇ ಬರಲಿಲ್ಲ ಅಂದುಕೊಂಡು ನೀರು ಕುಡಿಯದೆ ಇದ್ದವನೇ ಬೀಳುವುದು. ತಲೆನೋವು, ವಾಂತಿ ಬಂದಂತೆ ಆಗುವುದು, ಕಾಲಿನ ಮೀನಖಂಡ ಹಿಡಿಯುವುದು ಮೊದಲ ಸೂಚನೆ. ಜೊತೆಗಾರ ತೊದಲಲು ಶುರು ಮಾಡಿದ, ಸಂಬಂಧವಿಲ್ಲದ ಮಾತಾಡಿದ, ಮೈ ಸುಡುತ್ತಿದೆ ಅಂದರೆ ಅದು ಉಷ್ಣಾಘಾತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಎಂಐ ರೂಮಿಗೆ, ಅಂದರೆ ಯೂನಿಟ್‌ನ ಚಿಕಿತ್ಸಾ ಕೋಣೆಗೆ ಒಯ್ಯಬೇಕು. ಪ್ರಜ್ಞೆ ಸರಿ ಇಲ್ಲದವನ ಬಾಯಿಗೆ ನೀರು ಹಾಕಬಾರದು. ಇದು ನಮ್ಮ ಹೊಲದಲ್ಲಿ ಮೇ ತಿಂಗಳ ಕೆಲಸಕ್ಕೂ ಅನ್ವಯಿಸುತ್ತದೆ.

ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಲೂ ತಟ್ಟುವುದಿಲ್ಲ ಅಂತ ಅಲ್ಲಿ ನಂಬಿಕೆ ಇದೆ. ನಾನು ಜೇಬಿನಲ್ಲಿಟ್ಟಿದ್ದನ್ನು ಊಟಕ್ಕೆ ತಿಂದೆ.

ಹಾಗಾದರೆ ಸ್ವೆಟರ್ ಬೇಡ ಅಲ್ವಾ?

ಬೇಕು! ಎಲ್ಲರೂ ತಪ್ಪುವುದು ಇಲ್ಲೇ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ, ಕೆಲವು ರಾತ್ರಿ ಸೊನ್ನೆಯ ಹತ್ತಿರ. ಹಗಲು ಕಾದ ಮರಳು ಬೇಗ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವವಿಲ್ಲ, ಬಿಸಿ ಹಿಡಿದಿಡಲು ಮೋಡವೂ ಇಲ್ಲ. ಧಾರವಾಡದ ಚಳಿಗೆ ಮಫ್ಲರ್ ಕಟ್ಟುವವರಿಗೆ ರಾತ್ರಿ ಎರಡರ ಸಂತ್ರಿ (ಕಾವಲು) ಡ್ಯೂಟಿ ನೆನಪಿನಲ್ಲಿ ಉಳಿಯುತ್ತದೆ. ಇಲಾಖೆ ಜರ್ಸಿ, ಕೋಟು ಕೊಡುತ್ತದೆ. ಮನೆಯಿಂದ ಒಳಗೆ ಹಾಕುವ ಬೆಚ್ಚನೆ ಬನಿಯನ್ ಮತ್ತು ಉಣ್ಣೆ ಸಾಕ್ಸ್ ಒಯ್ಯಿರಿ. ನನ್ನ ಲೆಕ್ಕದಲ್ಲಿ ಮರಳುಗಾಡಿನ ಬಿಸಿಲಿಗಿಂತ ಚಳಿಯೇ ನಮ್ಮ ಕಡೆಯವರಿಗೆ ಕಷ್ಟ. ಬಿಸಿಲು ನಮಗೆ ಮೊದಲೇ ಪರಿಚಯ.

ಕುಡಿಯಾಕ ನೀರರ ಸಿಗತೈತೇನಪಾ?

ಇದು ಅವ್ವಂದಿರ ಪ್ರಶ್ನೆ. ಸಿಗುತ್ತದೆ ಅವ್ವಾ, ಚಿಂತೆ ಬೇಡ. ಕುಡಿಯುವ ನೀರಿಗೆ ಯಾರೂ ಅಡ್ಡಿ ಮಾಡುವುದಿಲ್ಲ. ಬೇಸಿಗೆಯಲ್ಲಿ ಹೊರಗೆ ಕೆಲಸ ಇದ್ದರೆ ಎಂಟು ಹತ್ತು ಲೀಟರ್ ಕೂಡ ಕುಡಿಯಬೇಕಾಗುತ್ತದೆ. ಕುಡಿ ಅಂತ ಬೈದು ಕುಡಿಸುತ್ತಾರೆ. ಬಿಗಿ ಇರುವುದು ಸ್ನಾನ, ಬಟ್ಟೆ, ಪಾತ್ರೆ ನೀರಿಗೆ.

ಈ ನೀರು ಬರುವುದು ಎಲ್ಲಿಂದ? ಜೈಸಲ್ಮೇರ್ ಕಡೆ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಕಷ್ಟ. ಬರಗಾಲದ ಸೀಮೆ ಅನ್ನಿಸಿಕೊಂಡ ನಮ್ಮ ಗದಗಿಗೆ ಅದರ ಮೂರು ಪಟ್ಟು ಬೀಳುತ್ತದೆ. ಬೋರ್ ಹಾಕಿದರೂ ಹಲವು ಕಡೆ ಉಪ್ಪು ನೀರು. ಹಾಗಾಗಿ ಇಂದಿರಾ ಗಾಂಧಿ ಕಾಲುವೆಯೇ ಆಸರೆ. ಪಂಜಾಬಿನ ಹರಿಕೆ ಬ್ಯಾರೇಜ್‌ನಿಂದ ಸಟ್ಲೆಜ್, ಬಿಯಾಸ್ ನದಿಗಳ ನೀರು 600 ಕಿಲೋಮೀಟರಿಗೂ ಹೆಚ್ಚು ಹರಿದು ಮರಳುಗಾಡಿಗೆ ಬರುತ್ತದೆ. ಕೆಲಸ ಶುರುವಾಗಿದ್ದು 1958ರಲ್ಲಿ. ಕಾಲುವೆಯ ಎರಡು ಬದಿ ಹಸಿರು ಹೊಲ, ಅದರಿಂದ ನೂರು ಹೆಜ್ಜೆ ಆಚೆ ಬರೀ ಮರಳು. ಮೊದಲ ಸಲ ನೋಡಿದಾಗ ಗಾಡಿ ನಿಧಾನ ಮಾಡದ ಡ್ರೈವರ್ ಇಲ್ಲ. ಕಾಲುವೆ ಹತ್ತಿರ ಸೊಳ್ಳೆಯೂ ಸಿಕ್ಕಾಪಟ್ಟೆ, ಮರಳುಗಾಡಿನಲ್ಲಿ ಸೊಳ್ಳೆ ಪರದೆ ಯಾಕೆ ಅಂತ ಕೇಳಬೇಡಿ.

ಪೈಪ್ ಇಲ್ಲದ ಕಡೆಗೆ ನಮ್ಮ ಬೌಸರ್. ಬೆಳಗ್ಗೆ ವಾಟರ್ ಪಾಯಿಂಟ್‌ನಲ್ಲಿ ತುಂಬಿಸಿ, ಕ್ಲೋರಿನ್ ನೋಡಿಸಿ ಹೊರಡುವುದು. ಈ ಕೆಲಸದಲ್ಲಿ ಒಂದು ವಿಷಯ ಬೇಗ ಕಲಿಯುತ್ತೇವೆ: ತುಂಬಿದ ಟ್ಯಾಂಕಿ ಸುಲಭ, ಖಾಲಿ ಟ್ಯಾಂಕಿ ಇನ್ನೂ ಸುಲಭ, ಅರ್ಧ ಟ್ಯಾಂಕಿ ಅಪಾಯ. ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದು ಬದಿಗೆ ಹೊಯ್ದು ಗಾಡಿಯನ್ನೇ ಎಳೆಯುತ್ತದೆ. ಡಾಂಬರು ಬಿಟ್ಟು ಮರಳಿಗೆ ಇಳಿಯುವ ಮುಂಚೆ ಟೈರ್ ಗಾಳಿ ಇಳಿಸಬೇಕು. ಟೈರ್ ಅಗಲವಾಗಿ ಕೂತರೆ ಹೂತುಕೊಳ್ಳುವುದಿಲ್ಲ. ಮರಳಲ್ಲಿ ಬ್ರೇಕ್ ಒತ್ತಬಾರದು, ಗಾಡಿ ತಾನೇ ನಿಲ್ಲುವಂತೆ ಬಿಡಬೇಕು, ಅದೂ ಇಳಿಜಾರಿನ ಕಡೆ ಮೂತಿ ಇರುವಂತೆ. ಸಿಕ್ಕಿಬಿದ್ದರೆ ಆಕ್ಸಿಲರೇಟರ್ ತುಳಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಇಳಿದು ಸಲಿಕೆ ಹಿಡಿಯಬೇಕು, ಚಕ್ರದ ಮುಂದೆ ಕಬ್ಬಿಣದ ಪಟ್ಟಿ ಹಾಕಬೇಕು. ಮಳೆಗಾಲದಲ್ಲಿ ಎರಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದ ಹುಡುಗರು ಇದನ್ನು ಬೇಗ ಹಿಡಿಯುತ್ತಾರೆ. ರಸ್ತೆಗೆ ಬಂದ ಮೇಲೆ ಗಾಳಿ ತುಂಬಿಸಲು ಮರೆತರೆ ಟೈರ್ ಹರಿಯುತ್ತದೆ, ಆಮೇಲೆ ಹವಾಲ್ದಾರ್ ಸಾಹೇಬರ ಬೈಗುಳ.

ನೀರು ತಂಪಾಗಿಡಲು ಛಾಗಲ್ ಅಂತ ಕ್ಯಾನ್ವಾಸ್ ಚೀಲ ಇರುತ್ತದೆ. ಗಾಡಿ ಬದಿಗೆ ತೂಗು ಹಾಕುತ್ತೇವೆ. ಹೊರಗೆ ಜಿನುಗಿದ ನೀರು ಆರುತ್ತಾ ಒಳಗಿನದನ್ನು ತಂಪು ಮಾಡುತ್ತದೆ, ಮನೆಯ ಮಣ್ಣಿನ ಮಡಕೆಯ ಹಾಗೆ. ಫ್ರಿಜ್ ನೀರಿಗಿಂತ ಎಷ್ಟೋ ವಾಸಿ.

ಒಂದು ಮಾತು ಗರ್ವದಿಂದಲೇ ಹೇಳುತ್ತೇನೆ. ಬೇರೆ ಊರಿನ ಹುಡುಗರು ಒಂದು ಬಕೆಟ್ ಸ್ನಾನಕ್ಕೆ ಗೊಣಗುವಾಗ ಗದಗ-ಬೆಟಗೇರಿಯವನು ಗೊಣಗುವುದಿಲ್ಲ. ವಾರಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ತಡವಾಗಿ ನಲ್ಲಿ ನೀರು ಬರುವ ಊರಿನಲ್ಲಿ ಬೆಳೆದವರು ನಾವು. ಹುಬ್ಬಳ್ಳಿಯವರಿಗೂ ಇದು ಗೊತ್ತು. ಮುಖ ತೊಳೆದ ನೀರು ಗಿಡಕ್ಕೆ ಹಾಕುವುದನ್ನು ನಮಗೆ ಯಾವ ಉಸ್ತಾದನೂ ಕಲಿಸಬೇಕಿಲ್ಲ.

ಧೂಳಿನ ಬಿರುಗಾಳಿ ನಿಜವಾಗಿಯೂ ಬರುತ್ತದಾ?

ಬರುತ್ತದೆ. ಆಂಧಿ ಅನ್ನುತ್ತಾರೆ. ಏಪ್ರಿಲ್‌ನಿಂದ ಮಳೆ ಶುರುವಾಗುವವರೆಗೆ ಅದರ ಕಾಲ. ಬರುವ ಮುಂಚೆ ಗಾಳಿ ಪೂರ್ತಿ ನಿಲ್ಲುತ್ತದೆ. ಒಂದು ಬದಿ ಆಕಾಶ ಕಂದಾಗುತ್ತದೆ. ಆಮೇಲೆ ಐದು ಹತ್ತು ನಿಮಿಷ ಸಿಕ್ಕರೆ ಪುಣ್ಯ. ಟೆಂಟ್ ಹಗ್ಗ ಬಿಗಿ ಮಾಡುವವರು, ಒಣಗಿಸಿದ ಬಟ್ಟೆಗೆ ಓಡುವವರು, ಅಡುಗೆಮನೆ ಅಂದರೆ ಲಂಗರ್‌ನಲ್ಲಿ ಪಾತ್ರೆ ಮುಚ್ಚುವವರು. ಗಾಡಿಯಲ್ಲಿದ್ದರೆ ಬದಿಗೆ ನಿಲ್ಲಿಸಿ, ಗಾಳಿಗೆ ಬೆನ್ನು ಮಾಡಿ, ಎಂಜಿನ್ ಬಂದ್ ಮಾಡಿ ಕೂರಬೇಕು. ಮೂಗಿಗೆ ಒದ್ದೆ ಬಟ್ಟೆ. ಕಣ್ಣಿಗೆ ಮರಳು ಹೊಕ್ಕರೆ ಉಜ್ಜಬಾರದು, ನೀರಲ್ಲೇ ತೊಳೆಯಬೇಕು.

ಆಂಧಿ ಅರ್ಧ ಗಂಟೆಗೆ ಮುಗಿಯುತ್ತದೆ. ಧೂಳು ಮುಗಿಯುವುದಿಲ್ಲ. ಜಿಪ್ ಹಾಕಿದ ಬ್ಯಾಗಿನ ಒಳಗೆ ಮಡಚಿಟ್ಟ ಅಂಗಿಯ ಜೇಬಿನಲ್ಲಿ ಮರಳು. ಬಾಯಿ ಮುಚ್ಚಿಕೊಂಡು ಊಟ ಮಾಡಿದರೂ ಹಲ್ಲಲ್ಲಿ ಕರಕರ. ಫೋನಿನ ಚಾರ್ಜಿಂಗ್ ಕಿಂಡಿಯಲ್ಲಿ ಮರಳು, ವಾಚಿನ ಒಳಗೆ ಮರಳು. ಗಾಡಿಯ ಏರ್ ಕ್ಲೀನರ್ ದಿನಾ ಬಿಚ್ಚಿ ಝಾಡಿಸಬೇಕು. ರೈಫಲ್‌ಗೆ ಎಣ್ಣೆ ಜಾಸ್ತಿ ಹಚ್ಚಿದರೆ ಮರಳು ಅಂಟಿಕೊಂಡು ಹಾಳಾಗುತ್ತದೆ. ಸ್ವಲ್ಪವೇ ಹಚ್ಚಿ ಮೇಲಿಂದ ಮೇಲೆ ಒರೆಸಬೇಕು. ಬಿಸಿಲಿನ ಬಗ್ಗೆ ನೂರು ಜನ ಕೇಳುತ್ತಾರೆ, ಧೂಳಿನ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ. ಬಿಸಿಲಿಗೆ ಮೈ ಒಗ್ಗುತ್ತದೆ. ಧೂಳಿಗೆ ಮನಸ್ಸು ಒಗ್ಗಲು ಬಹಳ ತಿಂಗಳು ಬೇಕು.

ಊಟ ಹೇಗೆ? ರೊಟ್ಟಿ ಸಿಗುತ್ತದಾ?

ಲಂಗರ್ ಊಟ ಹೊಟ್ಟೆ ತುಂಬ ಸಿಗುತ್ತದೆ. ದಾಲ್, ಸಬ್ಜಿ, ಚಪಾತಿ, ಅನ್ನ, ಬೆಳಗ್ಗೆ ಪೂರಿಯೋ ಪರಾಠವೋ. ಹಬ್ಬಕ್ಕೆ, ಯೂನಿಟ್‌ನ ವಿಶೇಷ ದಿನಕ್ಕೆ ಬಡಾ ಖಾನಾ, ಅಧಿಕಾರಿಗಳೂ ಜವಾನರೂ ಒಟ್ಟಿಗೆ ಊಟ. "ಇವತ್ತು ಸಾಂಬಾರ್ ಇದೆ" ಅಂದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಜೋಳದ ರೊಟ್ಟಿ ಲಂಗರ್‌ನಲ್ಲಿ ಇಲ್ಲ. ಆದರೆ ಹಳ್ಳಿಗಳಲ್ಲಿ ಸಜ್ಜೆ ರೊಟ್ಟಿ ಇದೆ, ಚಳಿಗಾಲವಿಡೀ ಅದೇ ಊಟ. ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲ ಅಥವಾ ಬೆಳ್ಳುಳ್ಳಿ ಚಟ್ನಿ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದು ಬೆಳೆದವರಿಗೆ ಇದು ಮನೆ ಊಟವೇ.

ಮನೆಯಿಂದ ಕಳಿಸುವುದಾದರೆ ಖಡಕ್ ರೊಟ್ಟಿಗೆ ಸಾಟಿ ಇಲ್ಲ. ಆ ಒಣ ಹವೆಗೆ ಅದು ಮೆತ್ತಗಾಗುವುದೇ ಇಲ್ಲ, ತಿಂಗಳಾದರೂ ಹಾಗೇ ಇರುತ್ತದೆ. ಚೀಲದಲ್ಲಿ ಕಳಿಸಿದರೆ ನುಚ್ಚಾಗಿ ಬರುತ್ತದೆ, ಅಗಲದ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಇಟ್ಟು ಕಳಿಸಿ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಇವು ಕೆಡುವುದಿಲ್ಲ. ಚಟ್ನಿ ಡಬ್ಬಿ ತೆರೆದ ದಿನ ಹರಿಯಾಣದವನೂ ಕೇರಳದವನೂ ನಿಮ್ಮ ಕಾಟ್ ಹತ್ತಿರ ಬಂದು ಕೂರುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಪುಡಿ ಒಂದಿಷ್ಟು ಇದ್ದರೆ ಲಂಗರ್ ದಾಲ್‌ಗೂ ಮರ್ಯಾದೆ ಬರುತ್ತದೆ. ಧಾರವಾಡ ಫೇಡೆಯನ್ನು ಚಳಿಗಾಲದಲ್ಲಿ ಮಾತ್ರ ಕಳಿಸಿ. ಮೇ ತಿಂಗಳಲ್ಲಿ ಕಳಿಸಿದರೆ ಕೆಟ್ಟು ಬರುತ್ತದೆ.

ಪಾರ್ಸೆಲ್ ಯಾವ ವಿಳಾಸಕ್ಕೆ?

ಹೆಸರು, ಆರ್ಮಿ ನಂಬರ್, ರ‍್ಯಾಂಕ್, ಯೂನಿಟ್, ಕೆಳಗೆ 56 ಎಪಿಒ, 9ರಿಂದ ಶುರುವಾಗುವ ಪಿನ್ ಕೋಡ್. ಅಷ್ಟೇ. ಊರು, ಜಿಲ್ಲೆ, ರಾಜ್ಯ ಬರೆಯಬಾರದು. ಸೇನೆಯ ಅಂಚೆ ವ್ಯವಸ್ಥೆ ಎಲ್ಲಿದ್ದರೂ ಹುಡುಕಿ ತಲುಪಿಸುತ್ತದೆ. ಅಂಚೆ ಕಚೇರಿಯಿಂದಲೇ ಕಳಿಸಿ. ಖಾಸಗಿ ಕೊರಿಯರ್‌ಗೆ ಈ ವಿಳಾಸ ನಡೆಯುವುದಿಲ್ಲ. ತಡವಾದರೆ ಗಾಬರಿ ಬೇಡ.

ಫೋನ್ ಯಾಕೆ ಹತ್ತುವುದಿಲ್ಲ?

ಒಂದು, ಟವರ್ ಇಲ್ಲ. ಎರಡು, ಎಕ್ಸರ್‌ಸೈಜ್ ಅಂದರೆ ಯುದ್ಧಾಭ್ಯಾಸ ನಡೆಯುವಾಗ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ. ಹೊರಡುವ ಮುಂಚೆ "ಸ್ವಲ್ಪ ದಿನ ಫೋನ್ ಬರಲ್ಲ" ಅಂತ ಮಗ ಹೇಳಿದ್ದರೆ ಅಷ್ಟೇ ನಂಬಿ. ದಿನಕ್ಕೆ ಇಪ್ಪತ್ತು ಸಲ ಮಾಡಬೇಡಿ.

ಮನೆಯವರಿಗೆ ಇನ್ನೊಂದು ಮಾತು, ಇದು ಬಹಳ ಮುಖ್ಯ. 2020ರಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆಯುವಂತೆ ಜವಾನರಿಗೆ ಹೇಳಿತು. ನಿಮ್ಮ ಮಗ ತೆಗೆದ. ಆದರೆ ಅವನ ತಮ್ಮ ಸಮವಸ್ತ್ರದ ಫೋಟೋ ಹಾಕಿ, ಯೂನಿಟ್ ಹೆಸರು ಬರೆದು, "ನಮ್ಮ ಅಣ್ಣ ಇವತ್ತು ಇಂಥ ಕಡೆ ಹೊರಟ" ಅಂತ ಸ್ಟೇಟಸ್ ಹಾಕಿದರೆ ಏನು ಉಪಯೋಗ? ತಂಗಿಯ ಮದುವೆ ಫೋಟೋ ಎಷ್ಟು ಬೇಕಾದರೂ ಹಾಕಿ, ಇದು ಬೇಡ. ಗೊತ್ತಿಲ್ಲದ ಹುಡುಗಿ ವಿಡಿಯೋ ಕಾಲ್ ಮಾಡಿ ಪ್ರೀತಿಯಿಂದ ಅಣ್ಣನ ಡ್ಯೂಟಿ ವಿಚಾರ ಕೇಳಿದರೆ ಕಟ್ ಮಾಡಿ.

ಹಿಂದಿ ಬರುವುದಿಲ್ಲ. ಕಷ್ಟ ಆಗುತ್ತದಾ?

ಮೂರು ತಿಂಗಳು. ಆಮೇಲೆ ಕನಸೂ ಹಿಂದಿಯಲ್ಲೇ ಬೀಳುತ್ತದೆ. ಮಾರವಾಡಿ ಮಾತ್ರ ಇವತ್ತಿಗೂ ನನಗೆ ಅರ್ಧಕ್ಕರ್ಧ.

ಮಲಗುವುದು ಎಲ್ಲಿ? ಹಾವು, ಚೇಳು?

ದೊಡ್ಡ ಕ್ಯಾಂಪಿನಲ್ಲಿ ಬ್ಯಾರಕ್, ಕೂಲರ್, ಕಾಟ್ ಎಲ್ಲ ಇದೆ. ಹೊರಗೆ ಹೋದಾಗ ಟೆಂಟ್, ಇಲ್ಲವೆಂದರೆ ಗಾಡಿಯ ಪಕ್ಕ. ನೆಲದ ಮೇಲೆ ಮಲಗುವುದನ್ನು ಆದಷ್ಟು ತಪ್ಪಿಸಬೇಕು.

ಹಾವು ಇವೆ. ಗರಗಸ ಮಂಡಲ ಸಣ್ಣದು, ಮರಳಿನ ಬಣ್ಣದ್ದೇ, ಮೈ ಉಜ್ಜಿ ಸರಸರ ಸದ್ದು ಮಾಡುತ್ತದೆ. ಸದ್ದು ಮಾಡುವುದರಿಂದ ಅದೇ ವಾಸಿ. ಭಯ ಇರುವುದು ಕಟ್ಟುಹಾವಿನ ಜಾತಿಗೆ. ಅಲ್ಲಿಯ ಜನ ಅದನ್ನು ಪೀವಣಾ ಅನ್ನುತ್ತಾರೆ, ಮಲಗಿದವರ ಉಸಿರು ಕುಡಿಯುತ್ತದೆ ಅಂತ ನಂಬುತ್ತಾರೆ. ನಿಜವೇನೆಂದರೆ ಅದು ರಾತ್ರಿ ಕಚ್ಚುತ್ತದೆ, ನೋವು ಹೆಚ್ಚು ಇರುವುದಿಲ್ಲ, ಗಾಯವೂ ಸರಿಯಾಗಿ ಕಾಣುವುದಿಲ್ಲ. ಬೆಳಗಾಗುವ ಹೊತ್ತಿಗೆ ರೆಪ್ಪೆ ಬೀಳುತ್ತದೆ, ಉಸಿರು ಕಟ್ಟುತ್ತದೆ. ಹಾಗಾಗಿ ಸೊಳ್ಳೆ ಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗುವುದು ಸೊಳ್ಳೆಗಷ್ಟೇ ಅಲ್ಲ. ಕಚ್ಚಿತು ಅನ್ನುವ ಅನುಮಾನ ಬಂದರೂ ಎಂಐ ರೂಮ್. ಮಂತ್ರ, ಕೊಯ್ಯುವುದು, ಹೀರುವುದು ಏನೂ ಬೇಡ.

ಚೇಳಿಗೆ ಬೂಟ್ ಅಂದರೆ ಪ್ರೀತಿ. ಬೆಳಗ್ಗೆ ತಲೆಕೆಳಗೆ ಹಿಡಿದು ಎರಡು ಸಲ ಕುಟ್ಟಿ ಹಾಕಿಕೊಳ್ಳಿ. ಈ ಅಭ್ಯಾಸ ರಜೆಗೆ ಬಂದಾಗಲೂ ಹೋಗುವುದಿಲ್ಲ, ಮನೆಯಲ್ಲಿ ಚಪ್ಪಲಿಯನ್ನೂ ಕುಟ್ಟುತ್ತೇನೆ. ಮಕ್ಕಳು ನಗುತ್ತಾರೆ.

ಅಲ್ಲಿ ಜನ ಇದ್ದಾರಾ? ಬರೀ ಮರಳಲ್ವಾ?

ಇದ್ದಾರೆ, ಬಹಳ ಜನ ಇದ್ದಾರೆ. ದೂರ ದೂರ ಢಾಣಿಗಳು, ಅಂದರೆ ನಾಲ್ಕೈದು ಮನೆಯ ತೋಟದ ವಸ್ತಿಗಳು. ಕುರಿ, ಆಡು, ಒಂಟೆ. ಪ್ರತಿ ವಸ್ತಿಗೂ ನೆಲದೊಳಗೆ ದುಂಡನೆಯ ಟಾಂಕಾ, ಮಳೆ ನೀರು ಕೂಡಿಡುವ ತೊಟ್ಟಿ. ಅದಕ್ಕೆ ಮುಚ್ಚಳ, ಮುಚ್ಚಳಕ್ಕೆ ಬೀಗ. ನಮ್ಮ ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅನ್ನುತ್ತಾರೆ. ಅಲ್ಲಿ ಯಾರಿಗಾದರೂ ಇದನ್ನು ಹೇಳಿದರೆ ಗುಡಿ ವಿಷಯ ಬಿಟ್ಟು ಬಾವಿ ವಿಷಯವನ್ನೇ ಕೇಳುತ್ತಾರೆ.

ನನಗೆ ಆ ಸೀಮೆ ಹತ್ತಿರವಾಗಿದ್ದು ಒಂದು ಮರದಿಂದ. ಅಲ್ಲಿ ಖೇಜ್ರಿ ಅನ್ನುತ್ತಾರೆ, ರಾಜಸ್ಥಾನದ ರಾಜ್ಯ ಮರ. ಅದು ನಮ್ಮ ಬನ್ನಿ ಮರವೇ. ನಮಗೆ ವರ್ಷಕ್ಕೊಮ್ಮೆ ದಸರೆಗೆ ನೆನಪಾಗುವ ಮರ ಅವರಿಗೆ ದಿನದ ಅನ್ನ. ಎಲೆ ಆಡಿಗೆ, ಒಂಟೆಗೆ. ಕಾಯಿ ಸಾಂಗ್ರಿ, ಅದನ್ನು ಒಣಗಿಸಿಟ್ಟು ಪಲ್ಯ ಮಾಡುತ್ತಾರೆ. ನೆರಳಲ್ಲಿ ಸಜ್ಜೆ ಬೆಳೆ ಚೆನ್ನಾಗಿ ಬರುತ್ತದೆ ಅಂತ ಹೊಲದ ನಡುವೆಯೇ ಬಿಡುತ್ತಾರೆ. 1730ರಲ್ಲಿ ಜೋಧಪುರ ಹತ್ತಿರದ ಖೇಜಡ್ಲಿಯಲ್ಲಿ ರಾಜನ ಕಡೆಯವರು ಈ ಮರ ಕಡಿಯಲು ಬಂದಾಗ ಅಮೃತಾ ದೇವಿ ಎಂಬ ಬಿಷ್ಣೋಯಿ ಹೆಣ್ಣುಮಗಳು ಮರ ತಬ್ಬಿ ನಿಂತಳು. ಅವಳೂ ಸೇರಿ 363 ಜನ ಪ್ರಾಣ ಕೊಟ್ಟರು.

ದಸರೆಗೆ ಯೂನಿಟ್‌ನಲ್ಲಿ ಶಸ್ತ್ರಪೂಜೆ ಇರುತ್ತದೆ, ಗಾಡಿಗಳಿಗೂ ಪೂಜೆ. ಒಂದು ವರ್ಷ ಪೂಜೆ ಮುಗಿಸಿ ನಾವು ಕನ್ನಡದ ಹುಡುಗರು ಹತ್ತಿರದ ಖೇಜ್ರಿ ಕೆಳಗೆ ಹೋದೆವು. ಆಡು ಕಾಯುತ್ತಿದ್ದ ಅಜ್ಜನನ್ನು ಎಲೆ ಕೇಳಿದೆವು. ಅವನಿಗೆ ಅನುಮಾನ, ಎಷ್ಟು ಬೇಕು ಅಂದ. ಒಂದು ಹಿಡಿ ಅಂದೆವು. ತಾನೇ ಕೆಳಗಿನ ಕೊಂಬೆಯಿಂದ ಬಿಡಿಸಿ ಕೊಟ್ಟ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ ಮೊದಲ ಎಲೆ ಅವನ ಕೈಗೇ ಕೊಟ್ಟು ಕಾಲು ಮುಟ್ಟಿದೆವು. ಅರ್ಥ ಹೇಳಿದಾಗ ಅವನು ತನ್ನ ಆಡುಗಳನ್ನು ತೋರಿಸಿ, ಹಾಗಾದರೆ ಇವು ದಿನಾ ಬಂಗಾರ ತಿನ್ನುತ್ತವೆ ಅಂದ.

ಗಡಿ ಹತ್ತಿರ. ಯುದ್ಧದ ಭಯ ಇಲ್ವಾ?

ಸೈನಿಕನ ಕೆಲಸವೇ ಅದು, ಬೇರೆ ಏನು ಹೇಳಲಿ? ಎಲ್ಲರೂ ಒಮ್ಮೆ ಜೈಸಲ್ಮೇರ್ ಗಡಿಯ ಲೋಂಗೆವಾಲಾ ಠಾಣೆ ನೋಡಿ ಬರುತ್ತಾರೆ. 1971ರ ಡಿಸೆಂಬರ್ 4ರ ರಾತ್ರಿ ಅಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಜೊತೆ 23 ಪಂಜಾಬ್ ಪಲ್ಟಣದ ಒಂದು ತುಕಡಿ (ಕಂಪನಿ) ಮಾತ್ರ ಇತ್ತು. ಎದುರಿಗೆ ಪಾಕಿಸ್ತಾನದ ಟ್ಯಾಂಕುಗಳ ಸಾಲು. ಬೆಳಗಾಗುವವರೆಗೆ ತಡೆದರು. ಬೆಳಕಾದ ಮೇಲೆ ಜೈಸಲ್ಮೇರ್‌ನಿಂದ ವಾಯುಸೇನೆಯ ಹಂಟರ್ ವಿಮಾನಗಳು ಬಂದವು. ಆ ಟ್ಯಾಂಕುಗಳಲ್ಲಿ ಕೆಲವು ಈಗಲೂ ಅಲ್ಲಿ ನಿಂತಿವೆ. ಡ್ರೈವರ್ ಕಣ್ಣಿಗೆ ಕಾಣುವುದು ಇನ್ನೊಂದು: ಹಲವು ಟ್ಯಾಂಕುಗಳು ಮೆತ್ತನೆ ಮರಳಲ್ಲಿ ಸಿಕ್ಕಿಕೊಂಡಿದ್ದವು. ಹತ್ತಿರದ ತನೋಟ್ ಮಾತೆಯ ಗುಡಿಯಲ್ಲಿ 1965ರಲ್ಲಿ ಬಿದ್ದೂ ಸಿಡಿಯದ ಶೆಲ್‌ಗಳನ್ನು ಇಟ್ಟಿದ್ದಾರೆ, ಗುಡಿ ನೋಡಿಕೊಳ್ಳುವುದು ಗಡಿ ಭದ್ರತಾ ಪಡೆ, ಅಂದರೆ ಬಿಎಸ್‌ಎಫ್.

2025ರ ಮೇನಲ್ಲಿ ಜೈಸಲ್ಮೇರ್, ಬಾಡಮೇರ್‌ನಲ್ಲಿ ಡ್ರೋನ್ ಬಂದು ಬ್ಲ್ಯಾಕ್‌ಔಟ್ ಆದಾಗ ಊರಿನಲ್ಲಿ ಮನೆಯವರು ಊಟ ಬಿಟ್ಟು ಟಿವಿ ಮುಂದೆ ಕೂತಿದ್ದರಂತೆ. ಅಂಥ ಹೊತ್ತಿನಲ್ಲಿ ಟಿವಿ ಆರಿಸಿ. ಅಲ್ಲಿ ಕಿರುಚುವವರಿಗಿಂತ ನಿಮ್ಮ ಮಗನಿಗೆ ಜಾಸ್ತಿ ಗೊತ್ತು, ಅವನೂ ಏನೂ ಹೇಳುವುದಿಲ್ಲ.

ಸಿಯಾಚಿನ್‌ಗಿಂತ ವಾಸಿ ಅಲ್ವಾ?

ಧಾರವಾಡ ಜಿಲ್ಲೆಯಲ್ಲಿ ಈ ಪ್ರಶ್ನೆ ಸುಮ್ನೆ ಬರುವುದಿಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಇದ್ದು ಜೀವಂತ ಹೊರಬಂದು, ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಹೌದು, ವಾಸಿ. ಹೋಲಿಸಲೂ ಬಾರದು.

ರಜೆ ಎಷ್ಟು? ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್. ಅಗ್ನಿವೀರರಿಗೆ ವರ್ಷಕ್ಕೆ 30 ದಿನ. ಯಾವಾಗ ಸಿಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಮದುವೆ ಮುಹೂರ್ತ ಇಡುವ ಮುಂಚೆ ಹುಡುಗನನ್ನು ಒಂದು ಮಾತು ಕೇಳಿ ಕಾಕಾ, ಪಂಚಾಂಗ ಆಮೇಲೆ ನೋಡಿ. ಕುಟುಂಬ ಇಟ್ಟುಕೊಳ್ಳಲು ಪೀಸ್ ಸ್ಟೇಷನ್ (ಶಾಂತಿಕಾಲದ ಠಾಣೆ) ಆಗಿರಬೇಕು, ಕ್ವಾರ್ಟರ್ಸ್ ಸರದಿ ಬರಬೇಕು. ಫೀಲ್ಡ್‌ಗೆ, ಅಂದರೆ ಕಾರ್ಯಾಚರಣೆಯ ಜಾಗಕ್ಕೆ ಕರೆದುಕೊಂಡು ಹೋಗುವಂತಿಲ್ಲ. ಬೀಗರಿಗೆ ಇದನ್ನು ಮೊದಲೇ ಹೇಳಿಬಿಡಿ.

ಹೊರಡುವ ತಮ್ಮಂದಿರು ಏನು ತಗೊಂಡು ಹೋಗಬೇಕು?

ಕೊಡುವುದನ್ನೆಲ್ಲ ಕೊಡುತ್ತಾರೆ. ತಲೆ ಮುಖ ಸುತ್ತಲು ಎರಡು ತೆಳು ಹತ್ತಿ ಟವೆಲ್, ತುಟಿಗೆ ಹಚ್ಚಲು ವ್ಯಾಸಲಿನ್ (ತುಟಿ ಒಡೆದು ರಕ್ತ ಬರುತ್ತದೆ, ನಗಬೇಡಿ), ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಓಆರ್‌ಎಸ್ ಪುಡಿ, ಒಂದು ಒಳ್ಳೆ ಟಾರ್ಚ್. ಕನ್ನಡಕ ಇದ್ದವರು ಇನ್ನೊಂದು ಜೊತೆ. ಕಾಂಟ್ಯಾಕ್ಟ್ ಲೆನ್ಸ್ ಆಸೆ ಬಿಡಿ. ಮರಳಲ್ಲಿ ಓಡಿ ಅಭ್ಯಾಸ ಮಾಡಬೇಕೆಂದರೆ ತುಂಗಭದ್ರೆ ದಂಡೆಗೆ ಹೋಗಿ, ಮುಂಡರಗಿಯವರಿಗೂ ಹಾವೇರಿಯವರಿಗೂ ಹತ್ತಿರ. ಮೊದಲ ವಾರ ಮೀನಖಂಡ ನೋಯುತ್ತದೆ.

ಮಾಮಾ, ಒಂಟೆ ಮ್ಯಾಲೆ ಕುಂತಿಯೇನು?

ಇಲ್ಲ ಪುಟ್ಟಾ. ಒಂಟೆ ಮೇಲೆ ಕೂತು ಗಡಿ ಕಾಯುವವರು ಬಿಎಸ್‌ಎಫ್‌ನವರು. ಗಣರಾಜ್ಯೋತ್ಸವದ ದಿನ ಟಿವಿಯಲ್ಲಿ ನೀನು ನೋಡುವುದು ಅವರನ್ನೇ. ನನಗೂ ಒಂಟೆಗೂ ರಸ್ತೆ ಮೇಲಿನ ಪರಿಚಯ ಅಷ್ಟೇ, ಅದೂ ಜಗಳದ್ದು. ರಾತ್ರಿ ಹೆಡ್‌ಲೈಟಿಗೆ ಬರೀ ಕಾಲು ಕಾಣುತ್ತವೆ, ಮೈ ಮಾತ್ರ ಮೇಲೆ ಕತ್ತಲಲ್ಲಿರುತ್ತದೆ. ಕಾಲಿಗೆ ಗುದ್ದಿದರೆ ಮೈ ನೇರವಾಗಿ ಗ್ಲಾಸಿನ ಮೇಲೆ ಬೀಳುತ್ತದೆ. ಹಾಗಾಗಿ ರಾತ್ರಿ ಆ ರಸ್ತೆಗಳಲ್ಲಿ ನಿಧಾನವೇ ಸರಿ. ಅಡ್ಡ ನಿಂತರೆ ಹಾರ್ನ್ ಹೊಡೆದು ಪ್ರಯೋಜನವಿಲ್ಲ. ಅದು ತಿರುಗಿ ಒಮ್ಮೆ ನೋಡಿ ಮತ್ತೆ ಮೆಲುಕು ಹಾಕುತ್ತದೆ. ಕೋ-ಡ್ರೈವರ್‌ನನ್ನು ಕೆಳಗೆ ಇಳಿಸಿ ಓಡಿಸಬೇಕು.